ನೀರು ಹಾಕಿಸಿದ ಹಾಲಿನ ಸೆಕ್ರೆಟರಿ

ನಮ್ಮ ಬೀದಿಯ ಹಾಲಿನ ಸೊಸೈಟಿ ಸೆಕ್ರೆಟರಿಯವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ದಿನಕ್ಕೆರಡು ಹೊತ್ತು ಮೊಣಕಾಲು ಬಗ್ಗಿಸಿ, ಹಾಲಿನ ಮಟ್ಟಕ್ಕೆ ಮುಖ ತಂದು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಲ್ಯಾಕ್ಟೋಮೀಟರಿನ ಗೆರೆ ಓದಿ ಓದಿ ಆ ರೆಪ್ಪೆ ಪೂರ್ತಿ ಮೇಲೇಳುವುದನ್ನೇ ಮರೆತಿತ್ತು. ಲ್ಯಾಕ್ಟೋಮೀಟರ್ ಅಂದರೆ ಬುಡದಲ್ಲಿ ಗುಂಡು ಭಾರವಿರುವ ಗಾಜಿನ ಕಡ್ಡಿ. ಹಾಲು ಗಟ್ಟಿಯಿದ್ದರೆ ಮೇಲೆ ತೇಲುತ್ತದೆ, ನೀರು ಬೆರೆತಿದ್ದರೆ ಕೆಳಗಿಳಿಯುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತಾಗಲೂ ಅವರು ಹಾಗೇ ಒಂದು ಕಣ್ಣಿನಲ್ಲಿ ನೋಡುವರು. ನಮ್ಮ ಮಾತಿನಲ್ಲಿ ಎಷ್ಟು ನೀರಿದೆ ಎಂದು ಅಳೆಯುತ್ತಿದ್ದಾರೇನೋ ಅನಿಸಿ ನಾಲಿಗೆ ತೊದಲುತ್ತಿತ್ತು.

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ಅಂಗಡಿ. ಗೋಡೆಯಾಚೆಗೇ ಹಾಲಿನ ಸೊಸೈಟಿ. ಹಾಗಾಗಿ ಬೆಳಗಿನ ಕಾಫಿಗೂ ಸಂಜೆಯ ದೀಪಕ್ಕೂ ನನಗೆ ಅವರ ಬೈಗುಳದ ಜೊತೆ. "ಏನಮ್ಮಾ, ಎಮ್ಮೆ ಕರೆದ್ಯೋ, ಬೋರ್‌ವೆಲ್ ಕರೆದ್ಯೋ?" "ನೀರಿಗೆ ನಾವು ದುಡ್ಡು ಕೊಡಲ್ಲ ಕಣಪ್ಪಾ, ತಗಂಡೋಗು." ಒಡಹುಟ್ಟಿದ ತಂಗಿ ತಂದ ಹಾಲನ್ನೂ ಒಂದು ದಿನ ವಾಪಸ್ ಕಳಿಸಿದ್ದರು. ಆ ವರ್ಷದ ಪಂಚಮಿಗೆ ಆಕೆ ಉಂಡೆ ಕಳಿಸಲಿಲ್ಲ. ಇವರೂ ಕೇಳಲಿಲ್ಲ.

ಇಷ್ಟು ಕಠಿಣ ಮನುಷ್ಯ ಒಂದು ಸಲ ಎಡವಿದ್ದನ್ನು ನಾನೇ ನೋಡಿದ್ದೇನೆ. ಒಬ್ಬಾಕೆ ಆಗತಾನೇ ಕರೆದ, ಇನ್ನೂ ನೊರೆಯಾಡುವ ಬಿಸಿ ಹಾಲು ತಂದಿದ್ದಳು. ಕಡ್ಡಿ ಕೆಳಗಿಳಿಯಿತು. ಇವರು ಬೈದರು. ಆಕೆ ಅಲ್ಲಿಂದ ಕದಲದೆ ಸೆರಗು ಬಾಯಿಗಿಟ್ಟು ಅತ್ತಳು. ಸಾಲೆಲ್ಲ ಕರಗುವಷ್ಟರಲ್ಲಿ ಹಾಲು ಆರಿತ್ತು. "ಇನ್ನೊಂದ್ಸಲ ನೋಡ್ರಿ ಸಾರ್" ಅಂದಳು. ನೋಡಿದರೆ ಕಡ್ಡಿ ಸರಿಯಾದ ಜಾಗದಲ್ಲೇ ನಿಂತಿತು. ಬಿಸಿ ಹಾಲು ತೆಳ್ಳಗೆ ತೋರುತ್ತದೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವಸರದಲ್ಲಿ ಮರೆತಿದ್ದರು. ಮರುದಿನ ಸಾಲಿನಲ್ಲಿ ಅಷ್ಟೂ ಜನ ಇದ್ದಾಗ ಆಕೆಗೆ ಕೈ ಮುಗಿದು "ತಪ್ಪು ನಂದವ್ವಾ" ಅಂದರು. ಆವತ್ತಿನಿಂದ ಅವರ ಬಾಯಲ್ಲಿ ಒಂದೇ ಮಾತು: "ಅಳೀದೆ ಮಾತಾಡಬಾರ್ದು. ಅಳೆದ ಮ್ಯಾಲೂ ಇನ್ನೊಂದ್ಸಲ ನೋಡ್ಬೇಕು."

ಇನ್ನು ನನ್ನ ವಿಷಯ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟೆ. ಝೆರಾಕ್ಸ್ ಅಂಗಡಿ ಇಟ್ಟು ಏಳು ತಿಂಗಳಿಗೆ ಮುಚ್ಚಿದೆ. ಹಿಡಿದದ್ದನ್ನು ಮುಗಿಸದವನು ಎಂಬ ಹೆಸರು ಇಪ್ಪತ್ತಾರಕ್ಕೇ ಗಟ್ಟಿಯಾಗಿತ್ತು. ಅಪ್ಪನ ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸುವುದು, ಮಡಚುವುದು, ಇಷ್ಟೇ ನನ್ನ ಕೆಲಸ. ಬೀಗದ ಕೈ ಸಹ ಅಪ್ಪನ ಉಡಿದಾರದಲ್ಲೇ ಇರುತ್ತಿತ್ತು.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಬೆಂಗಳೂರಿಗೆ ಹೋದವನು ಅಲ್ಲೊಂದು ಅಂಗಡಿಯಲ್ಲಿ ಸಮುದ್ರದ ಮೀನು ನೋಡಿ ಮರುಳಾದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆ, ಪಟ್ಟೆಯ ಅಂಚಿಗೆ ಕಪ್ಪು ಗೆರೆ. ನಮ್ಮೂರ ನೇಕಾರರು ಇಂಥ ಅಂಚು ತೆಗೆಯಲು ತಿಂಗಳು ಕೂರುತ್ತಾರೆ. ಗಾಜಿನ ಟ್ಯಾಂಕು, ಸಮುದ್ರದ ನೀರು ತಯಾರಿಸುವ ಉಪ್ಪಿನ ಪೊಟ್ಟಣ, ಕಿತ್ತಳೆಯದೇ ಒಂದು ಜೋಡಿ, ನೀಲಿಯದೊಂದು, ಹಳದಿಯದೊಂದು, ಹೀಗೆ ನಾಲ್ಕು ಮೀನು ಕೊಂಡೆ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಊರು ಮುಟ್ಟಿದೆ.

ಅವ್ವ ಅಂಗಡಿಗೆ ಬಂದವಳೇ ಹೌಹಾರಿದಳು. "ಲಿಂಗ ಕಟ್ಕಂಡೋರ ಅಂಗಡ್ಯಾಗೆ ಮೀನೇನ್ಲಾ!"

"ತಿನ್ನಾಕಲ್ಲವ್ವಾ, ನೋಡಾಕೆ."

ಮೂರನೇ ದಿನಕ್ಕೆ ಅವಳೇ ಅಕ್ಕಪಕ್ಕದವರನ್ನು ಕರೆದು ತೋರಿಸುತ್ತಿದ್ದಳು. ಬಳ್ಳಾರಿ, ರಾಯದುರ್ಗದಿಂದ ಸೀರೆಗೆ ಬಂದವರೂ ಟ್ಯಾಂಕಿನ ಮುಂದೆ ನಿಲ್ಲತೊಡಗಿದರು. ಅಪ್ಪ ಮಾತ್ರ ಅದನ್ನು ಡಬ್ಬ ಅಂತಲೇ ಕರೆದರು.

ಏಪ್ರಿಲ್ ಬಂತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಒಂದು ಬೆಳಿಗ್ಗೆ ನೀಲಿ ಮೀನು ಸತ್ತು ತೇಲುತ್ತಿತ್ತು. ಹದಿನೈದು ದಿನಕ್ಕೆ ಹಳದಿಯದೂ ಹೋಯಿತು. ಉಳಿದದ್ದು ಕಿತ್ತಳೆ ಜೋಡಿ. ದೊಡ್ಡದು ಹೆಣ್ಣು, ಸಣ್ಣದು ಗಂಡು. ನನ್ನ ಬೆರಳು ಕಂಡರೆ ಗಾಜಿಗೆ ಮೂತಿ ತಾಗಿಸಿ ಕುಣಿಯುತ್ತಿದ್ದಂಥವು, ಈಗ ಮೂಲೆ ಸೇರಿ ಏದುಸಿರು ಬಿಡುತ್ತಿದ್ದವು. ತಿಂಡಿ ಹಾಕಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಅಪ್ಪ ಗಿರಾಕಿಗಳೆದುರೇ ಹೇಳಿಬಿಟ್ಟರು: "ಡಿಗ್ರಿ ಬಿಟ್ಟೆ, ಝೆರಾಕ್ಸ್ ಬಿಟ್ಟೆ. ಈ ಜೋಡಿನೂ ಹೋದ್ರೆ ಡಬ್ಬ ಆಚೆ ಇಡ್ತೀನಿ. ಇನ್ ಮ್ಯಾಲೆ ಯಾವುದ್ಕೂ ನನ್ನ ಕೇಳಬ್ಯಾಡ." ಮೀನು ಸತ್ತರೆ ಅದರ ಜೊತೆ ನನ್ನ ಮಾತಿಗಿದ್ದ ಚೂರುಪಾರು ಬೆಲೆಯೂ ಹೋಗುತ್ತಿತ್ತು.

ಚಳ್ಳಕೆರೆಗೆ ಹೋಗಿ ಪಶುವೈದ್ಯರೊಬ್ಬರನ್ನು ಕಂಡೆ. ಒಳ್ಳೆಯವರು, ಕೂರಿಸಿ ಕೇಳಿಸಿಕೊಂಡರು. "ಕುರಿಯಾಗಿದ್ರೆ ಬಾಯಿ ತೆಗೆಸಿ ನೋಡ್ತಿದ್ದೆ ಕಣಪ್ಪಾ, ಇದು ನನ್ನ ಓದಿನಾಗಿಲ್ಲ" ಅಂದರು. ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಮೀನಂಗಡಿಗೆ ಫೋನು ಹಚ್ಚಿ, ಮೈಮೇಲೆ ಬಿಳಿ ಚುಕ್ಕೆ ಕಾಣುತ್ತಿವೆ ಅಂದೆ. ಚುಕ್ಕೆ ರೋಗವಿರಬೇಕೆಂದು ಅವರು ಬಸ್ಸಿನಲ್ಲಿ ಒಂದು ನೀಲಿ ಔಷಧಿ ಕಳಿಸಿದರು.

ಅದು ಬಂದ ದಿನ ಸಂಜೆ ಬಾಟಲಿಯ ಮುಚ್ಚಳ ತೆಗೆದು ಇನ್ನೇನು ಹನಿಸಬೇಕು, ಸೆಕ್ರೆಟರಿ ಒಳಗೆ ಬಂದರು. ಸೊಸೈಟಿಯಲ್ಲಿ ಕರೆಂಟು ಹೋಗಿತ್ತು, ಮೇಣದಬತ್ತಿ ಕೇಳಲು ಬಂದಿದ್ದರು.

"ಏನ್ಲೇ ತಮ್ಮಾ ಅದು?"

"ಔಷಧಿ ಸಾರ್. ಚುಕ್ಕೆ ರೋಗ ಬಂದೈತೆ."

"ಯಾರಂದ್ರು?"

"ಬೆಂಗ್ಳೂರೋರು."

"ಅವ್ರು ಬಂದು ನೋಡಿದ್ರಾ?"

ನಾನು ಬಾಟಲಿ ಬಗ್ಗಿಸಹೋದೆ. ಅವರು ನನ್ನ ಮಣಿಕಟ್ಟು ಹಿಡಿದು ಬಾಟಲಿ ಕೆಳಗಿಡಿಸಿದರು. ಜರಿ ಪರೀಕ್ಷೆಗೆಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟಿದ್ದ ಭೂತಗನ್ನಡಿ ತೆಗೆದುಕೊಂಡು, ಮೊಣಕಾಲು ಬಗ್ಗಿಸಿ, ಟ್ಯಾಂಕಿನ ಮುಂದೆ ಕಾಲು ಗಂಟೆ ಕೂತರು. ಆಮೇಲೆ ಹೆಗಲ ಟವೆಲ್ಲಿನಿಂದ ಗಾಜನ್ನು ಹೊರಗಿನಿಂದ ಒರೆಸಿದರು.

"ಈಗ ತೋರ್ಸು, ಚುಕ್ಕೆ ಎಲ್ಲೈತೆ?"

ಇರಲಿಲ್ಲ. ಮೀನಿನ ಮೈ ಮಂಕಾಗಿತ್ತು, ಆದರೆ ನುಣ್ಣಗಿತ್ತು. ಚುಕ್ಕೆಗಳಿದ್ದದ್ದು ಗಾಜಿನ ಮೇಲೆ! ನನಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. ಅವರು ನಗಲಿಲ್ಲ. ಟವೆಲ್ಲಿಗಂಟಿದ ಬಿಳಿ ಪುಡಿಯನ್ನು ನಾಲಿಗೆಗೆ ತಾಗಿಸಿ "ಉಪ್ಪು" ಅಂದರು. ಟ್ಯಾಂಕಿನ ಅಂಚಿನಲ್ಲಿ ಬೆರಳಾಡಿಸಿದರು, ಅಲ್ಲೂ ಉಪ್ಪು ಹೆಪ್ಪುಗಟ್ಟಿತ್ತು. "ಇಷ್ಟ್ಯಾಕೆ ಉಪ್ಪೈತೆ ಇಲ್ಲಿ? ತಡಿ, ಅಳೆಯಾಣ."

ಅವರ ಸ್ವಂತದ್ದೊಂದು ಲ್ಯಾಕ್ಟೋಮೀಟರ್ ಇತ್ತು, ಅದನ್ನು ತಂದರು. ಪೊಟ್ಟಣದ ಮೇಲೆ ಬರೆದ ಅಳತೆಯಂತೆಯೇ ನನ್ನಿಂದ ಹೊಸದಾಗಿ ಒಂದು ಪಾತ್ರೆ ಉಪ್ಪುನೀರು ಕಲಸಿಸಿದರು. ಟ್ಯಾಂಕಿನ ನೀರು ಒಂದು ಪಾತ್ರೆ, ಹೊಸ ನೀರು ಒಂದು ಪಾತ್ರೆ, ಎರಡನ್ನೂ ಪಕ್ಕಪಕ್ಕ ಇಟ್ಟು "ಎರಡೂ ಒಂದೇ ತಣ್ಣಗಾಗ್ಲಿ" ಎಂದು ಅರ್ಧ ಗಂಟೆ ಕಾಯಿಸಿದರು. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದವರು ಸೆಕ್ರೆಟರಿಯನ್ನು ಹುಡುಕಿಕೊಂಡು ನಮ್ಮ ಅಂಗಡಿಗೇ ಬಂದು ಮೆಟ್ಟಿಲ ತುಂಬ ನಿಂತರು.

ಹೊಸ ನೀರಿನಲ್ಲಿ ಕಡ್ಡಿ ಇಪ್ಪತ್ತನಾಲ್ಕಕ್ಕೆ ನಿಂತಿತು. ಹಾಲಾಗಿದ್ದರೆ ಇಪ್ಪತ್ತನಾಲ್ಕಕ್ಕೆ ಬೈದು ಕಳಿಸುತ್ತಿದ್ದರು. ಟ್ಯಾಂಕಿನ ನೀರಿನಲ್ಲಿ ಬಿಟ್ಟರು. ಕಡ್ಡಿ ಮುಳುಗುವುದಕ್ಕೇ ಒಲ್ಲೆ ಅಂದಿತು. ಮೂವತ್ತೆಂಟು! ತೆಗೆದು ತೊಳೆದು ಇನ್ನೊಮ್ಮೆ ಬಿಟ್ಟರು. ಮೂವತ್ತೆಂಟೇ.

"ಇಷ್ಟು ಗಟ್ಟಿ ಹಾಲು ಯಾವ ಎಮ್ಮೆನೂ ಕೊಟ್ಟಿಲ್ಲ ಕಣಲೇ" ಅಂದರು. "ಬಿಸಿಲಿಗೆ ನೀರು ಇಳೀತೈತಲ್ಲ, ಆವಾಗೇನು ಹಾಕ್ತೀಯಾ?"

"ಉಪ್ಪುನೀರೇ ಸಾರ್, ಕಲಸಿ ಹಾಕ್ತೀನಿ."

"ಬರೀ ನೀರು ಹಾಕೇ ಇಲ್ವಾ?"

"ಬರೀ ನೀರು ಹೆಂಗ್ ಹಾಕ್ಲಿ ಸಾರ್, ಕಲಬೆರಕೆ ಆಗಲ್ವಾ? ಹುಟ್ಟಿದಾಗಿಂದ ಗ್ವಾಡೆ ಆಚೆಯಿಂದ ನೀವು ಹೇಳಿದ್ದೇ ಕೇಳ್ಕಂಡು ಬೆಳೆದೋನು ನಾನು."

ಅವರ ಎಡಗಣ್ಣು ಪೂರ್ತಿ ತೆರೆದದ್ದನ್ನು ಅವತ್ತೇ ನಾನು ಮೊದಲ ಸಲ ಕಂಡದ್ದು. ಗಾದಿಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಹಾಲಿಗೆ ಹೇಳಿದ್ದನ್ನ ಸಮುದ್ರಕ್ಕೂ ಹಚ್ಚಿದ್ಯಲ್ಲೋ! ಖೋವಾ ಕಾಯ್ಸೋದು ನೋಡಿಲ್ವಾ? ನೀರು ಹಾರ್ತೈತೆ, ಸತ್ವ ತಳದಾಗೇ ಉಳೀತೈತೆ. ಬಿಸಿಲಿಗೆ ಹೋಗಿದ್ದು ಬರೀ ನೀರು ಕಣಲೇ. ಉಪ್ಪು ಎಲ್ಲೂ ಹೋಗಿಲ್ಲ, ಅದರ ಮ್ಯಾಲೆ ನೀನು ಮತ್ತೆ ಉಪ್ಪು ಸುರ್ದೀಯ. ಇವಕ್ಕೆ ರೋಗಾನೂ ಇಲ್ಲ ರುಜಿನಾನೂ ಇಲ್ಲ. ದಾಹ!"

ಉಪ್ಪು ಕಲಸಲೆಂದು ನಾನು ಬ್ಯಾಟರಿ ಅಂಗಡಿಯಿಂದ ತಂದಿಟ್ಟಿದ್ದ ಶುದ್ಧ ನೀರಿನ ಕ್ಯಾನಿತ್ತು. ಟ್ಯಾಂಕಿನಿಂದ ಒಂದು ಚೊಂಬು ನೀರು ತೆಗೆದು, ಆ ಶುದ್ಧ ನೀರು ಒಂದು ಚೊಂಬು ಕೈಯಾರೆ ಸುರಿದರು. ಮೆಟ್ಟಿಲ ಮೇಲಿದ್ದ ನೇಕಾರರ ಮನೆಯ ಅಜ್ಜಿ ಕೂಗಿಯೇಬಿಟ್ಟಳು: "ಚೂಡಂಡ್ರಾ! ಸಾರೇ ನೀಳ್ಳು ಪೋಸ್ತುನ್ನಾರು!" ನೋಡ್ರೋ, ಸಾರೇ ನೀರು ಹಾಕ್ತಿದ್ದಾರೆ ಅಂತ. ಬೀದಿಗೆ ಬೀದಿಯೇ ಗೊಳ್ಳೆಂದಿತು.

"ಹೂಂ ಕಣಜ್ಜೀ, ಹಾಕ್ತಿದೀನಿ" ಅಂದರು ಸೆಕ್ರೆಟರಿ, ಕೈ ನಿಲ್ಲಿಸದೆ. "ಇವಕ್ಕೆ ಬೇಕು. ನಿನ್ನ ಎಮ್ಮೆ ಹಾಲಿಗೆ ಬ್ಯಾಡ."

ಒಂದೇ ಸಲಕ್ಕೆ ಸರಿಮಾಡಲು ಹೊರಟ ನನ್ನನ್ನು ತಡೆದದ್ದೂ ಅವರೇ. ಮೇವು ಬದಲಾಯಿಸಿದರೂ ದನಕ್ಕೆ ಒಂದೇ ದಿನಕ್ಕೆ ಒಗ್ಗುವುದಿಲ್ಲವಂತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಚೊಂಬು ತೆಗೆದು ಒಂದೊಂದು ಚೊಂಬು ಹಾಕು, ಎಂಟು ದಿನ ತಪ್ಪಿಸಬೇಡ ಅಂದರು. ಲ್ಯಾಕ್ಟೋಮೀಟರನ್ನು ನನ್ನ ಕೈಗೇ ಕೊಟ್ಟು ಹೋದರು.

ಎಂಟು ದಿನ ನಾನು ಊರು ಬಿಡಲಿಲ್ಲ. ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೂ ಚಳ್ಳಕೆರೆಗೆ ಹೋಗದೆ ಎಲ್ಲರಿಂದ ಬೈಸಿಕೊಂಡೆ. ಮೂರನೇ ದಿನಕ್ಕೆ ಕಡ್ಡಿ ಮೂವತ್ಮೂರಕ್ಕಿಳಿಯಿತು, ಗಂಡಿನ ಏದುಸಿರು ನಿಂತಿತು. ಐದನೇ ದಿನ ಹೆಣ್ಣು ಮೂಲೆ ಬಿಟ್ಟು ಬಂದು ಒಂದು ಕಾಳು ನುಂಗಿತು, ಇನ್ನೊಂದು ಕೇಳಿತು. ಎಂಟನೇ ದಿನ ಇಪ್ಪತ್ತೈದು. ಎರಡೂ ನನ್ನ ಬೆರಳಿನ ಹಿಂದೆ ಗಾಜಿನುದ್ದಕ್ಕೂ ಓಡಿದವು. ನಾನು ಚಪ್ಪಲಿ ಇಲ್ಲದೆ ಸೊಸೈಟಿಗೆ ಓಡಿ "ಸಾರ್, ಗೆದ್ವಿ!" ಎಂದು ಕಿರುಚಿದೆ. ಸೆಕ್ರೆಟರಿ ಅಳೆಯುತ್ತಿದ್ದ ಹಾಲನ್ನು ಪಕ್ಕಕ್ಕಿಟ್ಟು ಸಾಲಿನವರಿಗೆಲ್ಲ "ಚಪ್ಪಾಳೆ ಹೊಡೀರಿ ಒಂದು" ಅಂದರು. ಹೊಡೆದರು ಕೂಡ! ನನ್ನ ಬದುಕಿನಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು.

ಮೀನುಗಳು ವರ್ಷಗಟ್ಟಲೆ ಬಾಳಿದವು. ಸೆಕ್ರೆಟರಿ ನಿವೃತ್ತರಾದರು, ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಲು ಊದಿ ಮನೆ ಹಿಡಿದರು. ಹೀಗಿರುವಾಗ ಒಂದು ದಿನ ಟ್ಯಾಂಕಿನೊಳಗಿನ ಮಣ್ಣಿನ ಕುಡಿಕೆಗೆ ಆ ಹೆಣ್ಣು ಮೊಟ್ಟೆ ಇಟ್ಟಿತು. ರಾಗಿಗಿಂತ ಚೂರು ದೊಡ್ಡವು, ನೂರಾರು. ಗಂಡು ಹಗಲೆಲ್ಲ ಅವಕ್ಕೆ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ವಾರ ಬಿಟ್ಟು ಸೆಕ್ರೆಟರಿಯ ಮನೆಗೆ ಹೋಗಿ ಸುದ್ದಿ ಹೇಳಿದ್ದೇ ತಡ, ಅವರು ಶರಟು ಕೇಳಿದರು. ಹೆಂಡತಿ ಬೇಡವೆಂದರೂ ಕೇಳದೆ ನನ್ನ ಗಾಡಿ ಹತ್ತಿ ಬಂದರು. ಗಾದಿಯ ಮೇಲೆ ಕೂತು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಲೇ ತಮ್ಮಾ, ಒಳಗೆ ಕಣ್ಣು ಮೂಡ್ಯಾವೆ ನೋಡೋ! ಬೆಳ್ಳಿ ಕಣ್ಣು!"

ಆಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ಅಳತೆ ಹೇಳಿದ್ದು ನಾನು, ಅಷ್ಟೇ. ಎಂಟು ದಿನ ಮೂರು ಹೊತ್ತು ಚೊಂಬು ಹಿಡಿದೋನು ಇವ್ನು. ನಾನು ದಿನಾ ಗ್ವಾಡೆ ಸಂದಿಂದ ನೋಡ್ತಿದ್ದೆ, ಒಂದು ಹೊತ್ತೂ ತಪ್ಪಿಸಿಲ್ಲ. ಇವ್ನು ಹಿಡಿದ ಕೆಲಸ ಬಿಡೋನಲ್ಲ."

ನಾನು ಟ್ಯಾಂಕಿನ ಕಡೆ ಮುಖ ಮಾಡಿ ನಿಂತುಬಿಟ್ಟೆ. ತಿರುಗಿದ್ದರೆ ಅತ್ತುಬಿಡುತ್ತಿದ್ದೆ. ಅಪ್ಪ "ಹೂಂ" ಅಂದರು.

ಅದಾಗಿ ಒಂದೂವರೆ ತಿಂಗಳಿಗೆ ಸೆಕ್ರೆಟರಿ ತೀರಿಕೊಂಡರು. ಹಾಲು ಹಾಕುವ ಹೆಂಗಸರೆಲ್ಲ ಬಂದಿದ್ದರು, ಬೈಸಿಕೊಂಡವರೇ ಹೆಚ್ಚು ಅತ್ತರು. ನಾನೂ ಹೆಗಲು ಕೊಟ್ಟೆ. ಮಣ್ಣು ಮಾಡಿ ವಾಪಸ್ ನಡೆದು ಬರುವಾಗ ಅಪ್ಪ ಬೇವಿನ ಮರದ ಹತ್ತಿರ ನಿಂತು, ಉಡಿದಾರ ಬಿಚ್ಚಿ, ಅಂಗಡಿಯ ಬೀಗದ ಕೈ ತೆಗೆದು ನನ್ನ ಅಂಗೈಗಿಟ್ಟರು.

"ನಾಳೆಯಿಂದ ನೀನೇ ತೆಗಿ" ಅಂದರು.