ಮೊಣಕೈ ಒಳಗ ತಗೋರಿ

ನವನಗರದ ಜಿಮ್ಮಿನಲ್ಲಿ ಮುಂಜಾನೆ ಹೆಂಗಸರ ವೇಳೆ. ಮೈದುನನ ಹೆಂಡತಿಯ ಒತ್ತಾಯಕ್ಕೆ ಐವತ್ತು ದಾಟಿದ ನಾನೂ ಅವಳ ಜೊತೆ ಸೇರಿಕೊಂಡಿದ್ದೆ. ಬೆಂಚಿನ ಮೇಲೆ ಮಲಗಿ ಡಂಬೆಲ್ ಜೋಡಿಯನ್ನು ಎದೆಯಿಂದ ಮೇಲಕ್ಕೆತ್ತುವಾಗ ಬಲಭುಜ ನೋಯುತ್ತಿತ್ತು. ವಯಸ್ಸಾಯಿತೆಂದು ಬಿಟ್ಟುಬಿಡುವ ಮನಸ್ಸಾಗಿತ್ತು.

ಒಂದು ದಿನ, ಕಲಿಸುವ ಹುಡುಗಿ ಪಕ್ಕದಲ್ಲಿ ಕುಳಿತು ನೋಡಿದಳು. ಹಗುರವಾದ ಜೋಡಿಯನ್ನು ಕೈಗೆ ಕೊಟ್ಟಳು.

"ಅಕ್ಕಾರ, ಮೊಣಕೈ ಅಷ್ಟು ಅಗಲ ಚಾಚಬ್ಯಾಡ್ರಿ, ಸ್ವಲ್ಪ ಪಕ್ಕೆಲುಬಿನ ಕಡೆ ತಗೋರಿ. ಭುಜ ಹಿಂದಕ್ಕ ಎಳದು ಬೆಂಚಿಗೆ ಒತ್ತಿ ಹಿಡೀರಿ. ಮಣಿಕಟ್ಟು ನೆಟ್ಟಗಿರ್ಲಿ. ಇಳಸೂವಾಗ ಸಾವಕಾಶ ಉಸಿರು ತಗೋರಿ, ಎತ್ತೂವಾಗ ಬಿಡ್ರಿ."

ಹಾಗೇ ಮಾಡಿದೆ. ಭುಜ ನೋಯಲಿಲ್ಲ. ಎದೆಯ ಸ್ನಾಯು ಬಿಗಿಯಾಗುವುದು ಮೊದಲ ಸಲ ಅನುಭವಕ್ಕೆ ಬಂತು.

ತಲೆಯ ಬಳಿ ನಿಂತಿದ್ದ ಮೈದುನನ ಹೆಂಡತಿ, "ಈಗ ನೋಡ್ರಿ ಅಕ್ಕಾ, ರೊಟ್ಟಿ ಬಡಿಯೂವಾಗಿನಂಗ ನಿಮ್ಮ ಮಾರಿ ಆರಾಮ ಐತಿ," ಎಂದಳು. ನನಗೆ ನಗು ಬಂದು ತೋಳು ನಡುಗಿತು.

"ನಗಸಬ್ಯಾಡ್ರಿ, ಕೈಯಾಗ ಡಂಬೆಲ್ ಅದಾವ," ಎಂದು ಹುಡುಗಿ ಅವಳನ್ನು ಗದರಿಸಿದಳು. ನಾನು ಭಾರ ಇಳಿಸಿ ಎದ್ದು ಕುಳಿತ ಮೇಲೆ ಹುಡುಗಿಯೂ ನಕ್ಕಳು.

ಈಗ ಮೊದಲಿಗಿಂತ ಭಾರವಾದ ಜೋಡಿಯನ್ನೇ ಎತ್ತುತ್ತೇನೆ. ಮುಂಜಾನೆ ಮೈದುನನ ಹೆಂಡತಿಯನ್ನು ಎಬ್ಬಿಸುವವಳು ನಾನೇ.