ಹಿಡಿಗೂ ಇಡಿಗೂ ನಡುವೆ ಒಂದು ದೋಣಿ

ತೊಣ್ಣೂರು ಕೆರೆಯ ಏರಿಯ ಮೇಲೆ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ. ನೀರಿನ ಮೇಲೆ ಕೂತ ಮಂಜಿಗೆ ಏಳುವ ಮನಸ್ಸಿದ್ದಂತಿಲ್ಲ. ಕಲ್ಲುಮೆಟ್ಟಿಲಿನ ಕೊನೆಯಲ್ಲಿ ಗಿಡ್ಡ ಮನುಷ್ಯರೊಬ್ಬರು ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಹ... ಹ... ಹ..." ಎನ್ನುತ್ತಿದ್ದಾರೆ. ನಡೆದಾಡಲು ಬಂದ ಪಾಂಡವಪುರದ ಮೇಷ್ಟ್ರೊಬ್ಬರು ಮಫ್ಲರು ಸರಿಮಾಡಿಕೊಂಡು ಕೇಳುತ್ತಾರೆ, "ಏನ್ರೀ ಮೌನೇಶಪ್ಪ, ಇಲ್ಲೂ ನಗೆಕೂಟ ಶುರುವಾಯ್ತಾ?"

"ಇಲ್ಲ ಸಾ. ಮರದೊಟ್ಟು ಊದ್ತಾ ಇವ್ನಿ."

ಮೇಷ್ಟ್ರು ನಕ್ಕು ಮುಂದೆ ಹೋಗುತ್ತಾರೆ. ಅದು ನಗೆಕೂಟವೇ ಆಗಿದ್ದರೂ ಅದರ ಏಕೈಕ ಸದಸ್ಯರು ನಕ್ಕು ಎರಡು ವರ್ಷದ ಮೇಲಾಗಿದೆ.

ಮೌನೇಶ್ ಬಡಗಿ. ಅವರ ಅಂಗೈಯ ಮೇಲೆ ನಿಜಕ್ಕೂ ಒಂದು ಚಿಟಿಕೆ ಮರದ ಹೊಟ್ಟು ಇದೆ. ಬಾಯಿಂದ ‘ಹ’ ಸರಿಯಾಗಿ ಹೊರಟರೆ ಹೊಟ್ಟು ಹಾರುತ್ತದೆ. ಹೊರಡದಿದ್ದರೆ ಅದು ‘ಒಟ್ಟು’ ಆಗಿ ಅಲ್ಲೇ ಕೂರುತ್ತದೆ. ಉಳಿದವರಾದರೆ ಅಂಗೈಗೆ ಉಸಿರು ತಾಗಿದ್ದು ತಿಳಿಯುತ್ತದೆ. ಉಳಿ ಹಿಡಿದು ಹಿಡಿದು ಜಡ್ಡುಗಟ್ಟಿದ ಈ ಅಂಗೈಗೆ ಉಸಿರಿನ ಸುಳಿವು ಸಿಗುವುದಿಲ್ಲ. ಬಿಡಿಯಾಗಿ ‘ಹ’ ಬರುತ್ತದೆ. ಆದರೆ ಗಂಟಲೆತ್ತಿ ‘ಹಿಡಿ’ ಎಂದು ಕೂಗಲು ಹೋದರೆ ಹೊರಬರುವುದು ‘ಇಡಿ’. ಹೊಟ್ಟು ಅಲ್ಲಾಡುವುದಿಲ್ಲ. ಮೌನೇಶ್ ಅದನ್ನು ದಿಟ್ಟಿಸಿ ನೋಡಿ, ತಮ್ಮ ಮೇಲೇ ಸಿಟ್ಟಾಗಿ, "ಥೂ ನಿನ್ನ ನಾಲ್ಗೆಗಿಷ್ಟು" ಎಂದು ಬೈದುಕೊಂಡು ಮತ್ತೆ ಶುರುಮಾಡುತ್ತಾರೆ.

ಬರುವ ಭಾನುವಾರ ಈ ಎರಡು ಮಾತು ಬೇರೆ ಬೇರೆಯಾಗಿ ಕೇಳಿಸದಿದ್ದರೆ ಕಡಲ ಬಳಗದ ದೋಣಿ ಇನ್ನೆಂದೂ ನೀರಿಗಿಳಿಯುವುದಿಲ್ಲ.

ಕಡಲ ಬಳಗ ಎಂದರೆ ಹೊರಗಿನವರಿಗೆ ನಗು ಬರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕನ್ನು ಜರಡಿ ಹಿಡಿದರೂ ಒಂದು ಹಿಡಿ ಕಡಲ ಮರಳು ಸಿಗದು. ಆದರೆ ಕಡಲಿಗೆ ಹೋದ ಮಕ್ಕಳು ಸಿಗುತ್ತಾರೆ. ನೌಕಾಪಡೆಗೆ, ಕರಾವಳಿ ಕಾವಲಿಗೆ ಸೇರಿದವರ ಮನೆಗಳನ್ನು ನೋಡಿಕೊಳ್ಳುವುದು, ಮುಂದೆ ಸೇರಬೇಕೆನ್ನುವ ಕೆಡೆಟ್ ಮಕ್ಕಳಿಗೆ ನೀರಿನ ಭಯ ಬಿಡಿಸುವುದು ಬಳಗದ ಕೆಲಸ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ರಜೆಗೆ ಬಂದ ನಾವಿಕರ ಕಬ್ಬಿಣದ ಪೆಟ್ಟಿಗೆಯನ್ನು ಸ್ಟೇಷನ್ನಿನಿಂದ ಊರಿಗೆ ಮುಟ್ಟಿಸುವುದು ಗಂಜಾಮಿನ ಲಗೇಜ್ ಆಟೋದ ಮುನಾವರ್ ಪಾಷಾ. ಮಗ ಹಡಗಿನಲ್ಲಿದ್ದಾಗ ಇತ್ತ ಮನೆಯ ಕದದ ತಿರುಗಣಿ ಕಿತ್ತುಹೋದರೆ, ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಮೌನೇಶ್.

ಬಳಗ ಕಟ್ಟಿದವರು ಕಾರವಾರದ ಕಡೆಯವರು. ನೌಕಾಪಡೆಯಲ್ಲಿ ಪೆಟಿ ಆಫೀಸರ್ ಆಗಿ ನಿವೃತ್ತರಾಗಿ, ಹೆಂಡತಿಯ ಊರೆಂದು ಪಾಂಡವಪುರಕ್ಕೆ ಬಂದು ನೆಲೆಸಿದವರು. ಜನರ ಬಾಯಲ್ಲಿ ಅವರು ‘ಪೆಟ್ಟಿ ಸಾಹೇಬ್ರು’. ಹಳೆಯ ಮರದ ದೋಣಿಯೊಂದನ್ನು ಎಲ್ಲಿಂದಲೋ ತರಿಸಿ ಮೌನೇಶರ ಅಂಗಳದಲ್ಲಿ ಬೋರಲು ಹಾಕಿದರು. ಅಪ್ಪನ ಕಾಲದಿಂದ ಎತ್ತಿನ ಗಾಡಿ, ಬಾಗಿಲು ಮಾಡಿದ ಮನೆ ಅದು. ಮೌನೇಶ್ ದೋಣಿಯ ಸುತ್ತ ಮೂರು ಸುತ್ತು ಬಂದರಂತೆ.

"ಬಾಗ್ಲು ಮಾಡೋನ್ಗೆ ಇದೇನ್ ಮಹಾ? ಜನ ಒಳಿಕ್ ಬರ್ಲಿ ಅಂತ ಬಾಗ್ಲು ಮಾಡ್ತೀವಿ. ಇಲ್ಲಿ ನೀರು ಒಳಿಕ್ ಬರ್ದಂಗೆ ಮಾಡ್ಬೇಕು. ಅಷ್ಟೇಯ" ಎನ್ನುತ್ತಾರೆ ಅವರು.

ದೋಣಿಯ ಜೊತೆ ಅವರೂ ಕೆರೆಗೆ ಬಂದರು. ಬಂದವರು ಹೋಗಲಿಲ್ಲ. ಸಾಹೇಬರು ಮಕ್ಕಳಿಗೆ ಸುಲಭವಾಗಲೆಂದು ಕನ್ನಡದಲ್ಲೇ ಆಜ್ಞೆ ಕಟ್ಟಿದ್ದರು. ಹುಟ್ಟನ್ನೋ ಹಗ್ಗವನ್ನೋ ಬಿಗಿ ಮಾಡಬೇಕಾದರೆ ‘ಹಿಡಿ’. ಕೆಳಗೆ ಹಾಕಬೇಕಾದರೆ ‘ಇಡಿ’. ಕಾರವಾರದ ಗಂಟಲಿನಲ್ಲಿ ಇವೆರಡೂ ಗಂಟೆ ಹೊಡೆದಷ್ಟು ಸ್ಪಷ್ಟ. ಮಂಡ್ಯದ ನಾಲಿಗೆಗೆ ‘ಹ’ ಎಂಬ ಅಕ್ಷರ ಮಗ್ಗಿ ಪುಸ್ತಕದಲ್ಲಿ ಮಾತ್ರ ಇರುವುದು. ಇಲ್ಲಿ ಹಾಲು ಆಲು, ಹೂವು ಊವು, ಹಗ್ಗ ಅಗ್ಗ. ಹಡಗು ಅಡಗು.

ಈ ‘ಅಡಗು’ ಒಮ್ಮೆ ಬಿಂಡಿಗನವಿಲೆಯಲ್ಲಿ ಒಂದು ಮದುವೆಯನ್ನೇ ಮುಳುಗಿಸಲು ಹೊರಟಿತ್ತು. ನಾವಿಕ ಮಂಜುನಾಥನಿಗೆ ಹಾವೇರಿ ಕಡೆಯಿಂದ ಹೆಣ್ಣಿನವರು ಬಂದಿದ್ದರು. ಹುಡುಗ ಎಲ್ಲಿದ್ದಾನೆ ಎಂದು ಕೇಳಿದ್ದಕ್ಕೆ ತಾಯಿ ಮೂಗಮ್ಮ ಹೆಮ್ಮೆಯಿಂದ, "ಅಡಗಲ್ಲವ್ನೆ ಕಣಪ್ಪ, ಆರ್ ತಿಂಗ್ಳಾಯ್ತು" ಅಂದರು. ಬಂದವರು ಕಾಫಿಯನ್ನೂ ಕುಡಿಯದೆ ಎದ್ದರು. ಆರು ತಿಂಗಳಿಂದ ಅಡಗಿ ಕೂತವನಿಗೆ ಯಾರು ಹೆಣ್ಣು ಕೊಟ್ಟಾರು? ಮುನಾವರ್ ಆಟೋದಲ್ಲಿ ಮೌನೇಶರನ್ನು ಕೂರಿಸಿಕೊಂಡು ನಾಗಮಂಗಲದ ಬಸ್ ನಿಲ್ದಾಣದವರೆಗೆ ಬೆನ್ನುಹತ್ತಿದರು. ಮೌನೇಶ್ ಇಳಿದವರೇ ಕೈಮುಗಿದು, "ಸ್ವಾಮೀ, ಅವ್ನು ಅಡಗಿಲ್ಲ, ಅಡಗಲ್ಲವ್ನೆ!" ಎಂದರು. ಹೆಣ್ಣಿನ ಸೋದರಮಾವ ಬಸ್ಸಿನ ಮೆಟ್ಟಿಲ ಮೇಲೆ ಇನ್ನೊಂದು ಕಾಲನ್ನೂ ಇಟ್ಟುಬಿಟ್ಟರು. ಕಡೆಗೆ ಮುನಾವರ್ ಎದೆಯಾಳದಿಂದ "ಹಡಗು! ಹ, ಹ, ಹಡಗು! ಜಹಾಜ್!" ಎಂದು ಕೂಗಿ ಮದುವೆ ಉಳಿಸಿದರು. ಉರ್ದು ಮನೆಮಾತಿನ ಮುನಾವರ್ ಗಂಟಲಲ್ಲಿ ‘ಹ’ಕ್ಕೆ ಬರವಿಲ್ಲ.

ಆಗ ಅದು ನಗುವ ವಿಷಯವಾಗಿತ್ತು.

ಪೆಟ್ಟಿ ಸಾಹೇಬರು ಕಾಯಿಲೆ ಬಿದ್ದು ತೀರಿಕೊಂಡರು. ಅವರ ‘ಹ’ ಅವರ ಜೊತೆಗೇ ಹೋಯಿತು. ದೋಣಿಯ ಮೈ ಬಲ್ಲವರು ಮೌನೇಶ್ ಒಬ್ಬರೇ ಆದ್ದರಿಂದ ಆಜ್ಞೆ ಕೊಡುವ ಕೆಲಸವೂ ಅವರ ಪಾಲಿಗೆ ಬಂತು. ಮುನಾವರ್ ಯಾಕೆ ಬೇಡವೆಂದರೆ ಅವರೇ ಹೇಳುತ್ತಾರೆ: "ನನ್ ಹತ್ರ ‘ಹ’ ಐತೆ ಭಾಯ್, ಹಿಮ್ಮತ್ ಇಲ್ಲ. ಬಕೆಟ್ ನೀರ್ ನೋಡಿದ್ರೂ ತಲೆ ತಿರುಗ್ತದೆ." ಮೌನೇಶರ ಬಾಯಲ್ಲಿ ಹಿಡಿಯೂ ‘ಇಡಿ’, ಇಡಿಯೂ ‘ಇಡಿ’. ಮಕ್ಕಳಿಗೆ ತೊಂದರೆಯಾಗಲಿಲ್ಲ. ಮೌನೇಶ್ ಮಾಮ ಮುಷ್ಟಿ ಎತ್ತಿದರೆ ಬಿಗಿಹಿಡಿಯಬೇಕು, ಅಂಗೈ ಕೆಳಗೆ ಮಾಡಿದರೆ ಕೆಳಗಿಡಬೇಕು. ಮಾತನ್ನು ಯಾರೂ ಕೇಳುತ್ತಲೇ ಇರಲಿಲ್ಲ, ಕೈಯನ್ನು ನೋಡುತ್ತಿದ್ದರು.

ಎರಡು ವರ್ಷದ ಹಿಂದೆ, ಮಾರ್ಗಶಿರದ ಒಂದು ಬೆಳಗ್ಗೆ ಆ ಕೈ ಕಾಣಲಿಲ್ಲ. ಮಂಜು ಅಷ್ಟು ದಟ್ಟವಾಗಿತ್ತು. ಮೌನೇಶ್ ದೋಣಿಯೊಳಗಿದ್ದರು. ಪವಿತ್ರ ಎಂಬ ಕೆಡೆಟ್ ಹುಡುಗಿ ಮೆಟ್ಟಿಲ ಮೇಲೆ, ಕಲ್ಲುಗೂಟಕ್ಕೆ ಸುತ್ತಿದ ಹಗ್ಗದ ತುದಿ ಹಿಡಿದು ನಿಂತಿದ್ದಳು. ಗಾಳಿ ಎದ್ದು ದೋಣಿ ಹಿಂದಕ್ಕೆ ಜಗ್ಗಿತು. ಹಗ್ಗ ಕೆಳಗಿಟ್ಟು ದೂರ ನಿಲ್ಲು ಎನ್ನುವ ಅರ್ಥದಲ್ಲಿ ಮೌನೇಶ್ "ಇಡಿ! ಇಡಿ!" ಎಂದು ಕೂಗಿದರು. ಹುಟ್ಟಿದಾಗಿನಿಂದ ಅವ್ವ "ಆಲಿನ್ ಚೊಂಬು ಇಡಿ" ಎಂದಾಗಲೆಲ್ಲ ಕೈಚಾಚಿ ಹಿಡಿದ ಹುಡುಗಿ ಅದು. ಹಿಡಿದಳು. ಇನ್ನೂ ಬಿಗಿಯಾಗಿ ಹಿಡಿದಳು. ಹಗ್ಗಕ್ಕೂ ಕಲ್ಲಿಗೂ ನಡುವೆ ಬಲಗೈಯ ಎರಡು ಬೆರಳು ಹೋದವು.

ಪವಿತ್ರಳಿಗೆ ನೌಕಾಪಡೆ ಸೇರುವ ಆಸೆಯಿತ್ತು. ಈಗ ಕೆ.ಆರ್.ಪೇಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದಾಳೆ. "ಅಲ್ಲಿ ಬೆರಳಿಲ್ದೋರ್ನ ತಗೊಳಲ್ಲ" ಎಂದು ಸಣ್ಣಗೆ ಹೇಳುತ್ತಾಳೆ. ಆಮೇಲೆ ಸೇರಿಸುತ್ತಾಳೆ, "ಮಾಮ ಸರ್ಯಾಗೇ ಹೇಳಿದ್ರು. ನಾನು ನಮ್ಮೂರ್ ಕಿವೀಲಿ ಕೇಳ್ದೆ."

ಅಂದಿನಿಂದ ದೋಣಿ ಏರಿಯ ಹೊಂಗೆ ಮರದಡಿ ಬೋರಲು ಬಿದ್ದಿದೆ. ಮಕ್ಕಳು ಒಬ್ಬೊಬ್ಬರಾಗಿ ಕರಗಿದರು. ಉಳಿದವರು ದಡದ ಮೇಲೆ ಕೂತು ಗಂಟು ಹಾಕುವುದು, ಬಿಚ್ಚುವುದು ಕಲಿಯುತ್ತಾರೆ. ನೀರಿಗಿಳಿಸಲು ಹೆತ್ತವರ ಒಪ್ಪಿಗೆ ಬೇಕು. ಸಭೆ ಕರೆದಾಗ ಪವಿತ್ರಳ ತಾಯಿ ಮಾರಮ್ಮ ಕಟ್ಟಕಡೆಗೆ ಎದ್ದು ನಿಂತರು. ಅಳಲಿಲ್ಲ, ಬೈಯಲಿಲ್ಲ.

"ಮೊದ್ಲು ಆ ಇಡಿನೂ ಈ ಇಡಿನೂ ಬ್ಯಾರೆ ಬ್ಯಾರೆ ಮಾಡಿ. ನಮ್ಮುಡ್ಗಿ ಕೇಳಿ ಸರಿ ಅನ್ಲಿ. ಆಮ್ಯಾಕೆ ಮಿಕ್ಕಿದ್ ಮಕ್ಕಳ ನೀರ್ಗಿಳಿಸಿ."

ಎರಡನ್ನೂ ಒಂದೇ ಥರ ಹೇಳಿ ಕೂತರು. ಸಭೆಯಲ್ಲಿ ಯಾರಿಗೂ ನಗು ಬರಲಿಲ್ಲ.

ಊರಿನವರು ಮೌನೇಶರಿಗೆ ಸಿಕ್ಕಲ್ಲೆಲ್ಲ ಹೇಳುವುದು ಒಂದೇ, "ಬುಡು ಮೌನೇಶಣ್ಣ, ಆಗಿದ್ ಆಗೋಯ್ತು." ಮುನಾವರ್ ಹೇಳುವುದು ಇನ್ನೂ ಸರಳ: "ಸಾಹೇಬ್ರ ಮಾತೇ ಯಾಕ್ ಬೇಕು? ‘ಬುಡು’ ಅಂತ ಕೂಗು. ಕಥೆ ಖತಂ."

"ನಕ್ಕೋ, ಬ್ಯಾಡ ಮುನಾವರಣ್ಣ" ಎನ್ನುತ್ತಾರೆ ಮೌನೇಶ್, ಗೆಳೆಯನ ಮಾತನ್ನು ಗೆಳೆಯನಿಗೇ ತಿರುಗಿಸಿ. "ಇಷ್ಟು ಸಲೀಸಿದ್ರೆ ಅವತ್ತೇ ಬದಲಾಯ್ಸ್ಬೋದಿತ್ತಲ್ಲ ಮಾಮ ಅಂತ ಆ ಮಗ ಕೇಳಾಕಿಲ್ವಾ? ಏನ್ ಯೋಳ್ಲಿ?"

ಹಾಗಾಗಿ ಮುನಾವರ್ ‘ಹ’ದ ಮೇಷ್ಟ್ರಾದರು. ಸಂಜೆ ಆಟೋ ನಿಲ್ಲಿಸಿ ಬಡಗಿ ಅಂಗಡಿಯಲ್ಲಿ ಪಾಠ. "ಹಥೇಲಿ, ಅಂಗೈ ಮೇಲೆ ಹವಾ ಬರ್ಬೇಕು ಭಾಯ್. ಪೇಟ್ ಸೆ, ಹೊಟ್ಟೆಯಿಂದ!" "ಒಟ್ಟೆಯಿಂದ್ಲೇ ಬರ್ತಾ ಐತೆ ಕಣಣ್ಣ." "ಅದೇ ನೋಡು, ಹೊಟ್ಟೇಲೇ ‘ಹ’ ಇಲ್ಲ ನಿಂಗೆ!" ಹೆಸರಿನಲ್ಲೇ ಮೌನ ಇಟ್ಟುಕೊಂಡ ಮನುಷ್ಯ ಅರವತ್ತರ ಹತ್ತಿರದಲ್ಲಿ ಅಕ್ಷರಾಭ್ಯಾಸಕ್ಕೆ ಕೂತಿದ್ದಾರೆ. ಮರಕ್ಕೆ ರಂದ ಉಜ್ಜುವಾಗ ಹಿಡಿ, ಸುತ್ತಿಗೆ ಕೆಳಗಿಡುವಾಗ ಇಡಿ. ಕದ ಮಾಡಿಸಲು ಬಂದವರು ಇವರಿಗೇನೋ ಆಗಿದೆ ಎಂದುಕೊಂಡು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ.

ಭಾನುವಾರ ಬರುತ್ತದೆ. ಮಂಜೂ ಬರುತ್ತದೆ, ಯಾರೋ ಕರೆದಂತೆ. ಉಳಿದ ಮಕ್ಕಳೆಲ್ಲ ದೋಣಿಯನ್ನು ಮಗುಚಿ ನೀರಂಚಿಗೆ ತಂದಿದ್ದಾರೆ. ಮಾರಮ್ಮ ಹೊಂಗೆ ಮರದಡಿ ಸೆರಗು ಹೊದ್ದು ಕೂತಿದ್ದಾರೆ. ಪವಿತ್ರ ಕೆ.ಆರ್.ಪೇಟೆಯಿಂದ ಬಂದು ಅದೇ ಕಲ್ಲುಗೂಟದ ಪಕ್ಕ, ಕೆರೆಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಮಾಮನ ಕೈ ಕಾಣಬಾರದಲ್ಲ. ‘ಹಿಡಿ’ ಕೇಳಿಸಿದರೆ ಬಲಗೈ, ‘ಇಡಿ’ ಕೇಳಿಸಿದರೆ ಎಡಗೈ ಎತ್ತಬೇಕೆಂದು ಮಾತು. ಮೌನೇಶ್ ಒಬ್ಬರೇ ದೋಣಿ ಹತ್ತಿ ಹಗ್ಗದುದ್ದಕ್ಕೂ ದೂರ ಸರಿಯುತ್ತಾರೆ.

"ಹಿಡಿ!" ಬಲಗೈ ಏಳುತ್ತದೆ, ಮೂರೇ ಬೆರಳಿನ ಕೈ. "ಇಡಿ!" ಎಡಗೈ. ಮುನಾವರ್ ತುಟಿಯಲ್ಲಿ ಏನೋ ಪ್ರಾರ್ಥನೆ. ಆಗ ಗಾಳಿ ಏಳುತ್ತದೆ. ದೋಣಿ ಜಗ್ಗುತ್ತದೆ. ಮೌನೇಶ್ ಗಂಟಲು ಹರಿಯುವಂತೆ ಕೂಗುತ್ತಾರೆ. ಪವಿತ್ರಳ ಎಡಗೈ ಅರ್ಧ ಏಳುತ್ತದೆ, ತಡೆಯುತ್ತದೆ, ಇಳಿಯುತ್ತದೆ. ಬಲಗೈ ಏಳುತ್ತದೆ.

ಮೌನೇಶ್ ಕೂಗಿದ್ದು ಯಾವುದು ಎಂಬುದು ಮೌನೇಶರಿಗೆ ಮಾತ್ರ ಗೊತ್ತು. ಸರಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ತಪ್ಪು ಕಣವ್ವಾ" ಎಂದು ಮಂಜಿನೊಳಗಿಂದ ದನಿ ಬರುತ್ತದೆ. "ನಾನು ಕೆಳೀಕ್ ಇಡು ಅಂದಿದ್ದು."

ದಡಕ್ಕೆ ಬಂದವರು ಯಾರ ಮುಖವನ್ನೂ ನೋಡದೆ ಹುಟ್ಟುಗಳನ್ನು ಜೋಡಿಸಿ ಕಟ್ಟತೊಡಗುತ್ತಾರೆ. ದೋಣಿಯನ್ನು ಮತ್ತೆ ಬೋರಲು ಹಾಕುವ ಸಿದ್ಧತೆ. ಪವಿತ್ರ ತಿರುಗಿ ತಾಯಿಯ ಕಡೆ ನೋಡುತ್ತಾಳೆ.

"ಅವ್ವಾ, ಗೂಟಕ್ಕೆ ಕಟ್ಟಿದ್ ಹಸ ಗಾಬರಿಯಾಗಿ ಜಗ್ಗಿದ್ರೆ, ಹಗ್ಗ ಹಿಡಿದೋರಿಗೆ ಏನಂತ ಕೂಗ್ತೀಯ?"

"ಬುಡು ಅಂತೀನಿ" ಎನ್ನುತ್ತಾರೆ ಮಾರಮ್ಮ. "ಇನ್ನೇನಂತಾರೆ?"

ಅಂದಮೇಲೆ ತಾವು ಅಂದದ್ದೇನೆಂದು ಅವರಿಗೇ ತಿಳಿಯುತ್ತದೆ. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಮಕ್ಕಳ ಕಡೆ ಗದ್ದ ಎತ್ತಿ, ಮೌನೇಶರಿಗೆ "ಅತ್ತಿಸ್ಕೊಳಪ್ಪ ಆ ಮಕ್ಕಳ್ನ" ಎನ್ನುತ್ತಾರೆ.

ಮೌನೇಶ್ ನಿಂತೇ ಇದ್ದಾರೆ. ಅವರು ಎರಡು ವರ್ಷದಿಂದ ಹೆದರಿದ್ದ ಪ್ರಶ್ನೆಯನ್ನು ಪವಿತ್ರ ಕೇಳುವುದಿಲ್ಲ. ಕಲ್ಲುಗೂಟದ ಹಗ್ಗವನ್ನು ಎಡಗೈಗೆ ತಗೊಂಡು, "ಹತ್ತಿ ಮಾಮ" ಎನ್ನುತ್ತಾಳೆ. ತಾನು ಹತ್ತುವುದಿಲ್ಲ. ಮಕ್ಕಳು ಕೂತ ಮೇಲೆ ಮಂಜಿನೊಳಗಿಂದ ಮೌನೇಶರ ದನಿ, ಒಡೆದ ದನಿ, ಬರುತ್ತದೆ.

"ಬುಡು!"

ಹಗ್ಗ ಅವಳ ಕೈಯಿಂದ ಮೆತ್ತಗೆ ಜಾರುತ್ತದೆ. ದೋಣಿ ಕಾಣದಾದ ಮೇಲೂ ಹುಟ್ಟಿನ ಸದ್ದು ಕೇಳುತ್ತದೆ. ಪವಿತ್ರ ಅದು ನಿಲ್ಲುವವರೆಗೆ ಕೇಳಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹಾಸ್ಟೆಲಿಗೆ ಹೊರಡುತ್ತಾಳೆ.

ಸೋಮವಾರದ ಬೆಳಗ್ಗೆ ಮೇಷ್ಟ್ರು ಮಫ್ಲರು ಸುತ್ತಿಕೊಂಡು ಬಂದಾಗ ಮೆಟ್ಟಿಲ ಕೊನೆಯಲ್ಲಿ ಅದೇ ಗಿಡ್ಡ ಮನುಷ್ಯ, ಅಂಗೈಯಲ್ಲಿ ಅದೇ ಹೊಟ್ಟು.

"ಏನ್ರೀ, ದೋಣಿ ಬಿಟ್ರಂತಲ್ಲ! ಇನ್ಯಾಕ್ರೀ ಈ ತಾಲೀಮು?"

ಮೌನೇಶ್ ಅಂಗೈ ನೋಡಿಕೊಂಡೇ ಉತ್ತರಿಸುತ್ತಾರೆ. "ದೋಣಿ ಬುಡ್ತು ಸಾ. ನಾನಿನ್ನೂ ಬುಟ್ಟಿಲ್ಲ."