ಒಂದೇ ಕೈಯ ಆಟ

ನಾನು ಮೂಡಲಗಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು. ಮಕ್ಕಳನ್ನು ಹೆದರಿಸಬಾರದು, ಆಡಿಸುತ್ತ ಕಲಿಸಬೇಕು ಎಂದು ತರಬೇತಿಗಳಲ್ಲಿ ಎದ್ದು ನಿಂತು ಮಾತಾಡಿ ಚಪ್ಪಾಳೆ ಗಿಟ್ಟಿಸಿದವಳು. ನಮ್ಮ ಮನೆ ಗೋಕಾಕದಲ್ಲಿದೆ. ಆ ಮನೆಯೊಳಗೆ ಒಂದು ಬೇಸಿಗೆ ರಜೆ ಪೂರ್ತಿ ನನ್ನ ಮಗಳಿಗೆ ನಾನು ಆಡಿಸಿದ ಆಟದ ಬಗ್ಗೆ ಮಾತ್ರ ಯಾವ ತರಬೇತಿಯಲ್ಲೂ ಬಾಯಿ ಬಿಟ್ಟಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಅದು ಶುರುವಾದದ್ದು ಹುಕ್ಕೇರಿಯಲ್ಲಿ, ನಮ್ಮ ಬೀಗರ ಮನೆಯ ಕುಬಸದ ದಿನ. ಬಸುರಿಗೆ ಉಡಿ ತುಂಬಿ ಆಗಿತ್ತು. ಆರು ವರ್ಷದ ನನ್ನ ಮಗಳು ತಾನೇ ಮುಂದಾಗಿ, ಬಂದ ಹೆಂಗಸರಿಗೆಲ್ಲ ಎಲೆ ಅಡಿಕೆ ಕೊಡುತ್ತ ಓಡಾಡುತ್ತಿದ್ದಳು. ಅವಳದು ಹುಟ್ಟಿನಿಂದ ಎಡಗೈ ಬಳಕೆ. ಒಬ್ಬ ಹಿರಿಯ ಹೆಂಗಸು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಎಲ್ಲರಿಗೂ ಕೇಳುವಂತೆ ಅಂದಳು:

"ಅಯ್ಯ ನಮ್ಮವ್ವ, ಟೀಚರ್ ಮಗಳಂತ, ಎಡಗೈಲೆ ಎಲಿ ಕೊಡತಾಳಲ್ಲ! ಅವರವ್ವ ಊರ ಮಕ್ಕಳಿಗೆ ಏನ್ ಕಲಸ್ತಾಳೋ!"

ಎಲ್ಲರೂ ನಕ್ಕರು. ಮಗಳೂ ನಕ್ಕಳು, ಅವಳಿಗೇನು ಗೊತ್ತು. ನನಗೆ ಮಾತ್ರ ಮೈಯೆಲ್ಲ ಉರಿದು ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿಯೇ ನಿರ್ಧಾರ ಮಾಡಿದೆ. ಜೂನಿಗೆ ಒಂದನೇ ತರಗತಿ, ನಡುವೆ ಇಡೀ ರಜೆ ಇದೆ, ಅಷ್ಟರೊಳಗೆ ಈ ಕೈ ತಿದ್ದಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮೇ ತಿಂಗಳಲ್ಲಿ ನಮ್ಮಲ್ಲಿ ಬೆಳಿಗ್ಗೆ ಹತ್ತಕ್ಕೇ ಅಂಗಳದ ಕಲ್ಲು ಕಾಲಿಡಗೊಡುವುದಿಲ್ಲ. ಮಕ್ಕಳನ್ನು ಒಳಗೇ ಹಿಡಿದಿಡಬೇಕು. ಮೊಬೈಲಿನಲ್ಲಿ ಏನೇನೋ ವಿಡಿಯೋ ನೋಡಿ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಬೆಳಿಗ್ಗೆ ಹುಣಸೆಬೀಜ ಎಣಿಸಿ ಹತ್ತು ಹತ್ತರ ಗುಂಪು ಮಾಡುವುದು. ಆಮೇಲೆ ಜೋಳದ ಕಾಳನ್ನು ಒಂದೊಂದಾಗಿ ಎತ್ತಿ ಬಾಟಲಿಗೆ ತುಂಬುವುದು. ಊಟವಾದ ಮೇಲೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹೂವು, ಮೀನು ಮಾಡುವುದು. ಸಂಜೆ ಪಡಸಾಲೆಯಲ್ಲಿ ಚುಕ್ಕಿ ಇಟ್ಟು ರಂಗೋಲಿ. ಬಂದವರು ಪಟ್ಟಿ ಓದಿ, ಎಷ್ಟು ಛಂದ ಆಡಿಸುತ್ತೀರಿ ಅಂದರೆ ನಾನು ಉಬ್ಬುತ್ತಿದ್ದೆ. ಪಟ್ಟಿಯಲ್ಲಿ ಬರೆಯದೇ ಇದ್ದ ನಿಯಮ ಒಂದಿತ್ತು. ಆಟಕ್ಕೆ ಕೂಡುವ ಮೊದಲು ಅವಳ ಎಡಗೈಗೆ ಒಂದು ಬಿಳಿ ಕಾಲುಚೀಲ ಹಾಕಿ, ಮಣಿಕಟ್ಟಿಗೆ ರಿಬ್ಬನ್ ಕಟ್ಟುತ್ತಿದ್ದೆ.

"ಇದು ಒಂದ ಕೈ ಆಟ. ಚೀಲದ ಕೈ ಹಚ್ಚಿದ್ರ ಔಟ್!"

ಮೊದಲೆರಡು ದಿನ ಅವಳಿಗೆ ಅದು ಖರೇನೇ ಆಟ. ಕಿಸಿಕಿಸಿ ನಗುತ್ತಿದ್ದಳು. "ಮಮ್ಮಿ, ನೀನೂ ಚೀಲಾ ಹಾಕ್ಕೊ," ಅಂದಳು. ನನಗೆ ರೊಟ್ಟಿ ಬಡಿಯುವುದಿದೆ ಎಂದು ಹೇಳಿ ತಪ್ಪಿಸಿಕೊಂಡೆ. ಬಲಗೈಯಲ್ಲಿ ಕತ್ತರಿ ಅವಳ ಮಾತು ಕೇಳುತ್ತಿರಲಿಲ್ಲ. ಮೀನಿನ ಬಾಲ ಹರಿಯುತ್ತಿತ್ತು, ಕಾಳು ಜಾರಿ ಮಂಚದ ಕೆಳಗೆ ಹೋಗುತ್ತಿತ್ತು. ಮರೆತು ಎಡಗೈ ಮುಂದೆ ಬಂದರೆ ನಾನು "ಔಟ್" ಅನ್ನುತ್ತಿದ್ದೆ. ಮೂರನೆಯ ಸಲ ಬಂದರೆ ಆ ಶಬ್ದ ನನ್ನ ಬಾಯಿಂದ ಹೇಗೆ ಹೊರಡುತ್ತಿತ್ತೆಂದು ನನಗೇ ಗೊತ್ತು. ನಾನು ಸಿಟ್ಟಿನವಳು, ಕೈ ಎತ್ತುವುದಿಲ್ಲ, ಆದರೆ ನನ್ನ ಬಾಯಿಗೆ ಕೈ ಬೇಕಾಗುವುದಿಲ್ಲ.

ಎರಡನೆಯ ವಾರಕ್ಕೆ ಅವಳು ಚಿತ್ರ ಬರೆಯುವುದು ನಿಂತಿತು. ಅಷ್ಟು ದಿನ ಕ್ಯಾಲೆಂಡರಿನ ಹಿಂಭಾಗ, ಔಷಧದ ಚೀಟಿ, ಏನು ಸಿಕ್ಕರೂ ಅದರ ಮೇಲೆ ಕೋಳಿ, ಬಸ್ಸು, ನಮ್ಮತ್ತೆಯ ಚಾಳೀಸು ಬರೆದಿಡುತ್ತಿದ್ದವಳು ಬಣ್ಣದ ಡಬ್ಬಿಯ ಮುಚ್ಚಳ ಕೂಡ ತೆಗೆಯಲಿಲ್ಲ. ಚೀಲ ಬಿಚ್ಚಿದ ಮೇಲೂ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆಯೇ ಕೂಡುತ್ತಿದ್ದಳು. ನಾನು ಮೂರ್ಖಿ, ಅದನ್ನು ನೋಡಿ ಖುಷಿಪಟ್ಟೆ. ಹೊಲದಲ್ಲಿದ್ದ ಗಂಡನಿಗೆ ಫೋನು ಮಾಡಿ, ಚಟ ಬಿಡತೈತ್ರಿ ಎಂದು ಹೇಳಿದೆ.

ನಮ್ಮತ್ತೆ ನಮ್ಮ ಜೊತೆಯಲ್ಲೇ ಇರುತ್ತಾರೆ. ಮಗಳಿಗೆ ಅವರು ಆಯಿ. ದಿನಾ ಸ್ನಾನ ಮಾಡಿ, ಮೂಲೆಯಲ್ಲಿ ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂಡುತ್ತಾರೆ. ಒಂದು ದಿನ ಮಗಳು ಕೈಗೆ ಕಟ್ಟಿದ ಕಾಲುಚೀಲದ ಸಮೇತ ಹೋಗಿ ಅವರ ಬಾಜೂಕ್ಕೆ ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅತ್ತೆ ಕೊರಳಲ್ಲಿದ್ದ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಂಡರು. ನಮ್ಮಲ್ಲಿ ಎಲ್ಲರೂ ಹಾಗೆಯೇ ಇಟ್ಟುಕೊಳ್ಳುವುದು. ಮಗಳು ಗಾಬರಿಯಾಗಿ ಒಮ್ಮೆ ಬಾಗಿಲ ಕಡೆ ನೋಡಿ, ಅವರ ಕಿವಿಯ ಹತ್ತಿರ ಬಗ್ಗಿದಳು.

"ಆಯಿ, ದೇವ್ರನ್ನ ಆ ಕೈಯಾಗ ಇಟ್ಕೊ. ಇದು ಕೆಟ್ಟ ಕೈ. ಮಮ್ಮಿ ಸಿಟ್ಟಾಗ್ತಾಳ."

ಅತ್ತೆ ಪೂಜೆಯ ನಡುವೆ ಮಾತಾಡುವವರಲ್ಲ. ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣು ನೆಟ್ಟು ಕೂತು, ಎಲ್ಲ ಮುಗಿಸಿ ಲಿಂಗವನ್ನು ಕರಡಿಗೆಯೊಳಗಿಟ್ಟರು. ಆಮೇಲೆ ಮೊಮ್ಮಗಳ ಕೈಯ ರಿಬ್ಬನ್ ಬಿಚ್ಚಿ, ಕಾಲುಚೀಲ ಎಳೆದು, ಅದನ್ನು ನನ್ನ ಕಡೆ ಹಿಡಿದರು.

"ನಿಮ್ಮ ಟ್ರೇನಿಂಗದಾಗ ಹೇಳಿಕೊಟ್ಟ ಆಟ ಇರಬೇಕಂತ ನಾ ಸುಮ್ಮನಿದ್ದೆ. ನನ್ನ ಲಿಂಗಯ್ಯ ಕುಂದ್ರೂ ಕೈಗೆ ಚೀಲಾ ಹಾಕಿ, ಕೂಸಿಗೆ ಅದು ಕೆಟ್ಟದ್ದಂತ ಕಲಿಸಿದೆಲ್ಲವ್ವಾ."

"ಅದು ಬ್ಯಾರೆ, ಇದು ಬ್ಯಾರೆ ಅತ್ತಿ. ನಿಮಗ ಗೊತ್ತಾಗೂದಿಲ್ಲರಿ. ನಾಳೆ ನಾಕ ಮಂದ್ಯಾಗ ನಗಿಪಾಟಲ ಆಗೂದು ಆಕಿನ."

"ನಾಕ ಮಂದಿ ನಕ್ರ ನಗವಲ್ರ್ಯಾಕ. ಕೂಸು ನಗೂದ ಬಿಟ್ಟೈತಿ, ಅದನ್ನ ನೋಡು ಮೊದಲ."

ನಾನು ಒಳಗೆ ಹೋಗಿ ಹಿಟ್ಟಿನ ಮೇಲೆ ಸಿಟ್ಟು ತೀರಿಸಿದೆ. ಅವತ್ತಿನ ರೊಟ್ಟಿ ಒಂದೂ ನೆಟ್ಟಗೆ ಬರಲಿಲ್ಲ. ಮರುದಿನ ಸ್ನಾನ ಮಾಡಿ ನನ್ನ ಪೂಜೆಗೆ ಕೂತೆ. ಶಾಲೆ ಇದ್ದಾಗ ಬಸ್ಸಿನ ಟೈಮು ನೋಡುತ್ತ ಐದು ನಿಮಿಷದಲ್ಲಿ ಮುಗಿಸುವ ಪೂಜೆ ಅದು. ಲಿಂಗ ಅಂಗೈಯಲ್ಲಿ ಕೂತಿತು. ಹುಡುಗಿಯಾಗಿದ್ದಾಗಿನಿಂದ ದಿನಾ ಈ ಕೈಯನ್ನು ಕಣ್ಣಿನ ಎದುರಿಗೆ ಹಿಡಿದಿದ್ದೇನೆ, ಒಮ್ಮೆಯೂ ನೋಡಿಲ್ಲ. ವಿಪರೀತ ನಾಚಿಕೆಯಾಯಿತು. ಪೂಜೆ ಅರ್ಧಕ್ಕೇ ನಿಲ್ಲಿಸಿ ಕಣ್ಣೀರು ಹಾಕಿದೆ, ಯಾರಿಗೂ ಗೊತ್ತಾಗದ ಹಾಗೆ.

ಅಷ್ಟಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಪಟ್ಟಿ ಹರಿದೆ, ಕಾಲುಚೀಲ ಮುಚ್ಚಿಟ್ಟೆ. "ಇನ್ನ ಎರಡೂ ಕೈಲೆ ಆಡು ನನ್ನ ಬಂಗಾರ," ಅಂದೆ. ಅವಳು ನನ್ನ ಮುಖ ನೋಡಿದಳು. ಇದೂ ಹೊಸ ಆಟದ ನಿಯಮ, ಎಲ್ಲಿಯೋ ಔಟ್ ಇದೆ ಎಂದು ತಿಳಿದುಕೊಂಡಿರಬೇಕು. ಬಣ್ಣದ ಪೆನ್ಸಿಲನ್ನು ಕೈಗೆ ಕೊಟ್ಟರೆ ಬಲಗೈಯಲ್ಲೇ ಹಿಡಿದು, ಎರಡು ಗೆರೆ ಎಳೆದು, ಸಾಕು ಅನ್ನುತ್ತಿದ್ದಳು. ನಾನು ಮುದ್ದು ಮಾಡಿದಷ್ಟೂ ಅವಳು ತೊಡೆಯ ಕೆಳಗಿನ ಕೈಯನ್ನು ಇನ್ನಷ್ಟು ಒಳಗೆ ಸರಿಸುತ್ತಿದ್ದಳು. ಆ ಕೈ ಇನ್ನು ಹೊರಗೆ ಬರುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆ ಹತ್ತಿತು.

ಶಾಲೆ ಶುರುವಾಗಿ ಕೆಲವು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಗಂಡ ಹೊಲದಿಂದ ಒಂದು ಚೀಲ ಎರೆಮಣ್ಣು ತಂದಿದ್ದರು. ಅತ್ತೆ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ, ಮಣ್ಣು ಕಲಸಿ, ಮೊಮ್ಮಗಳಿಗೂ ಒಂದು ಮುದ್ದೆ ಕೊಟ್ಟರು. ಪೂಜೆಗೆ ಬೇಕಾದ ಜೋಡೆತ್ತು ಅವರ ಕೈಯಲ್ಲಿ ಆಗಲೇ ಎದ್ದು ನಿಂತಿದ್ದವು. ಮಗಳು ಒಂದೇ ಕೈಯಲ್ಲಿ ಎತ್ತು ಮಾಡಲು ಕೂತಳು. ಹೊಟ್ಟೆಗೆ ಕಾಲು ಅಂಟಿಸಿದರೆ ಡುಬ್ಬ ಕುಸಿಯುತ್ತಿತ್ತು, ಡುಬ್ಬ ಒತ್ತಿದರೆ ಕೋಡು ಬೀಳುತ್ತಿತ್ತು. ಮೂರು ಸಲ ಬಿತ್ತು. "ಹಿಂಗ ಹಿಡಿ" ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅತ್ತೆ ನನ್ನನ್ನೊಮ್ಮೆ ನೋಡಿ ಕುಸುಬಿ ಕಾಳನ್ನು ತಮ್ಮ ಎತ್ತಿನ ಕಣ್ಣಿಗೆ ಒತ್ತುತ್ತ ಕೂತರು.

ನಾಲ್ಕನೆಯ ಸಲ ಎತ್ತು ವಾಲಿದಾಗ ಮಗಳು ತಲೆ ಎತ್ತಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಮಮ್ಮಿ, ಆ ಕೈನೂ ಹಚ್ಚಲ್ಯಾ? ಬೈಯೂದಿಲ್ಲಲ್ಲಾ?"

"ಹಚ್ಚವ್ವಾ," ಅಂದೆ.

ಎಡಗೈ ಹೊರಗೆ ಬಂತು. ಎತ್ತು ನಿಂತಿತು, ಸ್ವಲ್ಪ ಸೊಟ್ಟ.

ಈಗ ಅವಳು ಎರಡನೇ ತರಗತಿ. ಎಡಗೈಯಲ್ಲಿಯೇ ಬರೆಯುತ್ತಾಳೆ, ಅಕ್ಷರ ಮುತ್ತಿನ ಹಾಗಿವೆ. ಗೋಡೆಯ ತುಂಬ ಮತ್ತೆ ಕೋಳಿ, ಬಸ್ಸು. ಆದರೆ ಪೆನ್ಸಿಲ್ ಹಿಡಿದಾಗಲೆಲ್ಲ, ಶುರು ಮಾಡುವ ಮೊದಲು, ತಲೆ ಎತ್ತಿ ನಾನೆಲ್ಲಿದ್ದೇನೆ ಎಂದು ಒಮ್ಮೆ ನೋಡುತ್ತಾಳೆ. ಆ ರಜೆಯಲ್ಲಿ ನಾನು ಕಲಿಸಿದ್ದರಲ್ಲಿ ಅವಳು ಮರೆಯದೆ ಉಳಿಸಿಕೊಂಡದ್ದು ಅದೊಂದೇ.